ಕೆಂಚಿಯ ಡಬ್ಬಿಯಲ್ಲಿ ಉಳಿದ 32 ಮಾತ್ರೆಗಳು

ಟಿಕ್ ಫೀವರ್ (ಉಣುಗು ಕಚ್ಚುವುದರಿಂದ ಹರಡುವ ಜ್ವರ) ಬಂದಿರುವ ಶೆಲ್ಟರ್ ನಾಯಿಯನ್ನು ಎರಡು ತಿಂಗಳು ಮನೆಯಲ್ಲಿಟ್ಟುಕೊಂಡು ಪ್ರೀತಿಯಿಂದ, ಒಳ್ಳೆಯ ಊಟ ಹಾಕಿ ನೋಡಿಕೊಂಡರೆ ಬೇಗ ಗುಣವಾಗುತ್ತದೆಯೇ ಎಂದು ಕೇಳಿದ್ದೀರಿ. 2019ರಲ್ಲಿ ನಾನು ಅದನ್ನು ಕೇಳಲೂ ಇಲ್ಲ, ಗುಣವಾಗಿಯೇ ಆಗುತ್ತದೆಂದು ನಂಬಿ ಕೆಂಚಿಯನ್ನು ಬೆಂಗಳೂರಿನ ವಿಜಯನಗರದ ನಮ್ಮ ಬಾಡಿಗೆ ಮನೆಗೆ ಕರೆತಂದೆ. ಸುಮಾರು ಮೂರು ವರ್ಷದ ನಾಡುನಾಯಿ. 14 ಕಿಲೋ ತೂಕ, ಬಿಡದ ಜ್ವರ, ಹೊಟ್ಟೆಯ ಚರ್ಮದ ಮೇಲೆ ಸೂಜಿ ಚುಚ್ಚಿದಂತೆ ಕೆಂಪು ಚುಕ್ಕೆಗಳು. ಆರೋಗ್ಯವಾಗಿರುವ ನಾಯಿಯ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ಸಾಮಾನ್ಯವಾಗಿ 2 ಲಕ್ಷದಿಂದ 5 ಲಕ್ಷದವರೆಗೆ ಇರುತ್ತದೆ, ಅವಳಿಗೆ 38,000 ಇತ್ತು. ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಟ್ಟರು: ದಿನಕ್ಕೆ ಎರಡರಂತೆ 28 ದಿನ, ಒಟ್ಟು 56 ಮಾತ್ರೆ.

ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಹತ್ತನೆಯ ದಿನಕ್ಕೆ ಅಮ್ಮನ ಸೆರಗು ಹಿಡಿದು ಎಳೆಯುವಷ್ಟು ಚುರುಕಾದಳು. ಹನ್ನೆರಡನೆಯ ದಿನ ನಾನು ಮಾತ್ರೆ ನಿಲ್ಲಿಸಿದೆ.

ಏಕೆ ನಿಲ್ಲಿಸಿದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಆ ಕಾರಣಗಳು ನಿಮ್ಮ ಮನೆಯಲ್ಲೂ ಅಷ್ಟೇ ನ್ಯಾಯವಾಗಿ ಕಾಣಿಸುತ್ತವೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ನಾನು ಖಾಲಿ ಹೊಟ್ಟೆಗೇ ಮಾತ್ರೆ ನುಂಗಿಸುತ್ತಿದ್ದೆ. ಅವಳು ವಾಂತಿ ಮಾಡಿಕೊಳ್ಳುತ್ತಿದ್ದಳು. ಊಟವಾದ ಮೇಲೆ ಕೊಟ್ಟು ಸ್ವಲ್ಪ ನೀರು ಕುಡಿಸಿದ್ದರೆ ಎಷ್ಟೋ ಮಟ್ಟಿಗೆ ಸರಿಹೋಗುತ್ತಿತ್ತು, ಆದರೆ ನಾನು ಔಷಧಿಯೇ ಅವಳಿಗೆ ಆಗುತ್ತಿಲ್ಲ ಎಂದುಕೊಂಡೆ. "ಗುಣ ಆದಮೇಲೂ ಆ ಮೂಕಪ್ರಾಣಿ ಬಾಯಿಗೆ ಯಾಕೆ ತುರುಕ್ತೀಯ" ಎಂದು ಅಮ್ಮ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಗುಣವಾಗಿರಲಿಲ್ಲ ಎಂಬುದೇ ಉತ್ತರ. ಈ ರೋಗದ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಬಿಳಿ ರಕ್ತಕಣಗಳ ಒಳಗೇ ಮನೆ ಮಾಡಿಕೊಳ್ಳುತ್ತದೆ. ಡಾಕ್ಸಿಸೈಕ್ಲಿನ್ ಅದನ್ನು ಒಮ್ಮೆಗೇ ಕೊಲ್ಲುವುದಿಲ್ಲ, ಬೆಳೆಯದಂತೆ ತಡೆದು ದೇಹಕ್ಕೆ ಕಾಲಾವಕಾಶ ಕೊಡುತ್ತದೆ. ಜ್ವರ ಒಂದೆರಡು ದಿನಗಳಲ್ಲೇ ಇಳಿದರೂ ರೋಗಾಣು ಗುಲ್ಮದಲ್ಲಿ (ಸ್ಪ್ಲೀನ್) ಸದ್ದಿಲ್ಲದೆ ಉಳಿಯಬಲ್ಲದು. 24 ಮಾತ್ರೆ ಕೊಟ್ಟಿದ್ದೆ. 32 ಸ್ಟೀಲ್ ಡಬ್ಬಿಯಲ್ಲಿ ಉಳಿದವು. ಇದನ್ನು ನಾನು ಶೆಲ್ಟರ್‌ನವರಿಗೆ ತಿಳಿಸಲಿಲ್ಲ. ಅವರು ದಿನವೂ ಕೇಳುತ್ತಿದ್ದರು, ನಾನು ಅವಳು ಚೆಂಡಿನೊಡನೆ ಆಡುವ ಚಿತ್ರ ಕಳುಹಿಸಿ "ಔಷಧಿ ಆಯಿತು" ಎಂದು ಬರೆಯುತ್ತಿದ್ದೆ.

ಆರನೆಯ ವಾರದ ಒಂದು ರಾತ್ರಿ ಅವಳ ಮೂಗಿನಿಂದ ರಕ್ತ ಸುರಿಯಲಾರಂಭಿಸಿತು. ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ 9,000 ಎಂದರು. ಕೋರ್ಸ್ ಪೂರ್ತಿಯಾಗಿದೆ ಎಂದು ನಾನು ಅಲ್ಲಿಯೂ ಹೇಳಿದ್ದರಿಂದ, ಔಷಧಿ ಮುಗಿದ ಮೇಲೂ ಹೀಗಾಗಿದೆಯೆಂದರೆ ಕಾರಣ ಬೇರೆಯೇ ಇರಬೇಕೆಂದು ವೈದ್ಯರು ಒಂದು ದಿನವಿಡೀ ಬೇರೆ ಕಾಯಿಲೆಗಳನ್ನು ಹುಡುಕಿದರು. ಮರುದಿನ ನಾನು ಡಬ್ಬಿಯನ್ನು ತಂದು ಅವರ ಮೇಜಿನ ಮೇಲಿಟ್ಟೆ. ಪರಿಚಿತರೊಬ್ಬರ ಲ್ಯಾಬ್ರಡಾರ್ ರಕ್ತ ಕೊಟ್ಟಿತು. ಕೆಂಚಿ ಉಳಿದಳು, ಆದರೆ ಕಣ್ಣಿನೊಳಗೆ ರಕ್ತಸ್ರಾವವಾಗಿ ಬಲಗಣ್ಣಿನ ದೃಷ್ಟಿ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಪ್ರೀತಿಗೆ ಕೆಂಚಿಯ ವಿಷಯದಲ್ಲಿ ಕೊರತೆಯಿರಲಿಲ್ಲ. ವಾಂತಿ ನೋಡಲಾರದೆ ಮಾತ್ರೆ ನಿಲ್ಲಿಸಿದ್ದೂ ಪ್ರೀತಿಯಿಂದಲೇ. 28 ದಿನವೂ ಗಡಿಯಾರ ನೋಡಿ ಮಾತ್ರೆ ಕೊಡಬಲ್ಲವರು ನಿಮ್ಮ ಮನೆಯಲ್ಲಿ ಯಾರೆಂದು ಮೊದಲು ನಿರ್ಧರಿಸಿ; ಅಂಥವರು ಯಾರೂ ಇಲ್ಲದಿದ್ದರೆ ಆ ನಾಯಿ ಶೆಲ್ಟರ್‌ನಲ್ಲೇ ಹೆಚ್ಚು ಸುರಕ್ಷಿತ. ಮೊಸರನ್ನದಲ್ಲಿ ಮಾತ್ರೆ ಅಡಗಿಸುವ ಯೋಚನೆ ಬಿಡಿ, ಹಾಲು ಮೊಸರಿನ ಕ್ಯಾಲ್ಸಿಯಂ ಈ ಔಷಧಿ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಒಂದು ಹೊತ್ತು ತಪ್ಪಿದರೂ, ವಾಂತಿಯಾದರೂ ಅಂದೇ ಶೆಲ್ಟರ್‌ಗೆ ಫೋನ್ ಮಾಡಿ.

ಖರ್ಚಿನ ಬಗ್ಗೆಯೂ ಕೇಳಿದ್ದೀರಿ. ನನಗೆ ಮೊದಲ ಬಾರಿಯ ಮಾತ್ರೆಗಳಿಗೆ 1,000 ರೂಪಾಯಿ ಕೂಡ ಆಗಲಿಲ್ಲ, ಮರುಕಳಿಸಿದಾಗ 30,000 ದಾಟಿತು. ನಾಯಿಯ ಮೈಮೇಲಿನ ಉಣುಗುಗಳನ್ನಷ್ಟೇ ತೆಗೆದರೆ ಸಾಲದು. ಅವು ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಯಿಡುತ್ತವೆ, ಮತ್ತು ಒಮ್ಮೆ ಗುಣವಾದ ನಾಯಿಗೂ ಈ ರೋಗ ಮತ್ತೆ ತಗಲಬಹುದು. ಹಾಗಾಗಿ ನಾಯಿ ಬರುವ ಮೊದಲೇ ಮನೆಯ ಸಂದುಗೊಂದುಗಳನ್ನು ಶುಚಿಗೊಳಿಸಿ.

ಕೆಂಚಿಯನ್ನು ಮೈಸೂರಿನ ವೃದ್ಧ ದಂಪತಿ ದತ್ತು ತೆಗೆದುಕೊಂಡರು. ಒಪ್ಪಿಸುವ ದಿನ ಅವರಿಗೆ ಎಲ್ಲ ರಕ್ತದ ವರದಿಗಳನ್ನೂ ಕೊಟ್ಟೆ, ಕಣ್ಣು ಹೇಗೆ ಹೋಯಿತೆಂಬುದನ್ನು ಏನೂ ಬಚ್ಚಿಡದೆ ಹೇಳಿದೆ. ಅಜ್ಜ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡು, ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳಿದರು. ಕೆಂಚಿ ಅವರ ಎಡಗಡೆಗೆ ಹೋಗಿ, ಕಾಣುವ ಕಣ್ಣು ಅವರ ಕಡೆಗಿರುವಂತೆ ತಿರುಗಿ ಕುಳಿತಳು.