ಮಣ್ಣಿಗೆ ಕರೆಂಟು ಕೊಟ್ಟರೆ ಪೇಟೆಂಟ್ ಸಿಗುತ್ತಾ?

ಮಾಲೂರಿನ ಗ್ಯಾರೇಜಿನವರೊಬ್ಬರು ಬರೆದಿದ್ದಾರೆ. ಡೀಸೆಲ್ ಚೆಲ್ಲಿ ಕಪ್ಪಾದ ಮಣ್ಣನ್ನು ಸಿಮೆಂಟ್ ತೊಟ್ಟಿಗೆ ತುಂಬಿ, ಎರಡು ಸರಳು ನೆಟ್ಟು ಕರೆಂಟು ಹಾಯಿಸಿದರಂತೆ. ಹಬೆ ಎದ್ದು ವಾಸನೆ ಹೋಯಿತಂತೆ. ಪೇಟೆಂಟ್ ಸಿಗುತ್ತಾ, ಕೆಜಿಎಫ್ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಕ್ಕೂ ಇದು ಆಗುತ್ತಾ ಅನ್ನುವುದು ಅವರ ಪ್ರಶ್ನೆ.

ಸ್ವಾಮಿ, ಮೊದಲು ಒಂದು ಬೈಗುಳ. ಮೇನ್ಸ್ ಕರೆಂಟನ್ನು ನೇರವಾಗಿ ಒದ್ದೆ ಮಣ್ಣಿಗೆ ಕೊಟ್ಟು ಹವಾಯಿ ಚಪ್ಪಲಿಯಲ್ಲಿ ಪಕ್ಕದಲ್ಲೇ ನಿಂತಿದ್ದೆ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಹೀಗೇ ಮಾಡಿದರೆ ಪೇಟೆಂಟ್ ಬರೋ ಮೊದಲೇ ಫೋಟೋಗೆ ಹಾರ ಬರುತ್ತೆ.

ಈಗ ಉತ್ತರ. ಕರೆಂಟಿನಿಂದ ಮಣ್ಣು ಕಾಯಿಸಿ ಶುದ್ಧ ಮಾಡುವುದು ಅನ್ನುವಷ್ಟಕ್ಕೇ ಸಿಗಲ್ಲ. ಅದು ಹಳೆಯದು. ಕರೆಂಟಿನಿಂದ ಮಣ್ಣನ್ನೇ ಕರಗಿಸಿ ಗಾಜು ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ 1983ರಲ್ಲೇ ಪೇಟೆಂಟ್ ಆಗಿದೆ. ಮಣ್ಣಿನ ನೀರನ್ನು ಕುದಿಸಿ, ಹಬೆಯ ಜೊತೆ ವಿಷವನ್ನು ಎಳೆದುಕೊಳ್ಳುವ ಕೆಲಸವೂ 1990ರ ದಶಕದಿಂದ ನಡೆದಿದೆ. ಗೊತ್ತಿರುವ ವಿಧಾನವನ್ನು ಸುಮ್ನೆ ಇನ್ನೊಂದು ಕಡೆ ಬಳಸಿದರೆ ಅದು ಇನ್ವೆನ್ಷನ್ ಅಲ್ಲ ಅಂತ ನಮ್ಮ 1970ರ ಪೇಟೆಂಟ್ ಕಾಯಿದೆಯ 3(ಡಿ) ಕಲಮು ಹೇಳುತ್ತೆ.

ಆದರೆ ನಿಮ್ಮ ಪತ್ರದ ಕೊನೆಗೆ ಒಂದು ಸಾಲಿದೆ, ನೀವೇ ಅದಕ್ಕೆ ಬೆಲೆ ಕೊಟ್ಟಿಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ಅರ್ತಿಂಗ್ ಗುಂಡಿಗೆ ಉಪ್ಪುನೀರು ಸುರಿಯುತ್ತೇವಲ್ಲ, ಅದೇ ಕಥೆ ಇಲ್ಲೂ: ಸರಳಿನ ಸುತ್ತ ಮಣ್ಣು ಒಣಗಿದರೆ ಕರೆಂಟು ಹರಿಯಲ್ಲ. ನೀವು ಸರಳು ತೆಗೆದು ತೂತಿನ ಜಿಐ ಪೈಪ್ ಇಟ್ಟು, ಆಂಪಿಯರ್ ಇಳಿದ ಕೂಡಲೇ ತಾನೇ ತೆರೆಯುವ ಡ್ರಿಪ್ ವಾಲ್ವ್ ಜೋಡಿಸಿದ್ದೀರಿ. ನೀರು ಬಿಡುವುದು ಹೊಸದಲ್ಲ. ಆ ವಾಲ್ವ್ ಜೋಡಿಸಿದ ರೀತಿ ಹೊಸದಿರಬಹುದು. ಇಂಥದ್ದನ್ನು ಮೊದಲೇ ಯಾರಾದರೂ ಮಾಡಿದ್ದಾರಾ ಅನ್ನುವ ಹುಡುಕಾಟ ಅಲ್ಲಿಂದ ಶುರುವಾಗಲಿ.

ಅರ್ಜಿಯಲ್ಲಿ 'ಟೊಮ್ಯಾಟೊ ಬೆಳೆಯಲು ಹೊಲದ ಮಣ್ಣು ಸುಧಾರಿಸುವ ವಿಧಾನ' ಅಂತ ಮಾತ್ರ ಬರೆಸಬೇಡಿ. ನಮ್ಮ ಕಡೆಯವರಿಗೆ ಆ ಆಸೆ ಜಾಸ್ತಿ! ಬೇಸಾಯದ ವಿಧಾನಕ್ಕೆ 3(ಎಚ್) ಪ್ರಕಾರ ಪೇಟೆಂಟ್ ಇಲ್ಲ. ಮಣ್ಣಿನ ಜಂತುಹುಳಕ್ಕೆ ಔಷಧಿ ಹಾಕಿ ಮಣ್ಣು ಸರಿಮಾಡುವುದನ್ನೂ ಪೇಟೆಂಟ್ ಕಚೇರಿಯ ಕೈಪಿಡಿ ಇದೇ ಲೆಕ್ಕಕ್ಕೆ ಸೇರಿಸಿದೆ. ನಿಮ್ಮದು ಗ್ಯಾರೇಜು, ಕಾರ್ಖಾನೆಗಳ ಕೊಳೆ ತೆಗೆಯುವ ಉಪಕರಣ, ಹಾಗೇ ಬರೆಸಿ.

ಗ್ಯಾರೇಜಿಗೆ ಬಂದವರಿಗೆಲ್ಲ ತೋರಿಸುತ್ತಿದ್ದೀರಂತೆ, ಇವತ್ತೇ ನಿಲ್ಲಿಸಿ. ನೀವೇ ತೋರಿಸಿದ್ದು ನಿಮ್ಮ ಅರ್ಜಿಗೇ ಮುಳುವಾದೀತು. ಚೆನ್ನೈ ಕಚೇರಿಗೆ ಆನ್‌ಲೈನಲ್ಲಿ ಪ್ರೊವಿಜನಲ್ (ತಾತ್ಕಾಲಿಕ) ಅರ್ಜಿ ಹಾಕಿದರೆ, ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತೆ.

ಅಷ್ಟರೊಳಗೆ ಮಣ್ಣನ್ನು ಲ್ಯಾಬಿಗೆ ಕಳಿಸಿ. ನೀರು 100 ಡಿಗ್ರಿಗೆ ಕುದಿಯುತ್ತೆ, ಡೀಸೆಲ್‌ನ ಬಹುಪಾಲು ಕುದಿಯಲು ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಬೇಕು. ವಾಸನೆ ಹೋದರೂ ಎಣ್ಣೆ ಅಲ್ಲೇ ಕೂತಿರಬಹುದು, ಅಲ್ವಾ? ಕೆಜಿಎಫ್ ದಿಬ್ಬದ ಮಾತಂತೂ ಬೇರೆಯೇ. ಅಲ್ಲಿನ ಮಣ್ಣಲ್ಲಿ ಲೋಹಗಳೂ ಇವೆ, ಅವು ಹಬೆಯ ಜೊತೆ ಎದ್ದು ಬರಲ್ಲ. ಅರ್ಜಿಯಲ್ಲಿ ಆ ದಿಬ್ಬದ ಹೆಸರೇ ಎತ್ತಬೇಡಿ.