ಮೋಟರು ಬಿಚ್ಚುವ ಮೊದಲು

ಪ್ರಶ್ನೆ: ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇವೆ. ದೋಣಿಯ ಔಟ್‌ಬೋರ್ಡ್ ಮೋಟರು (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್) ಬೇಗ ಕಾದು ನಿಲ್ಲುತ್ತದೆ. ಸರ್ವಿಸ್ ಮ್ಯಾನ್ಯುಯಲ್‌ಗೆ (ರಿಪೇರಿ ಕೈಪಿಡಿಗೆ) ದುಡ್ಡು ಹಾಕಬೇಕೆ?
– ಓದುಗರು, ಮುನಿರಾಬಾದ್

ಉತ್ತರ: ಹಾಕ್ರಿ ಅಣ್ಣಾ, ಖಂಡಿತ ಹಾಕ್ರಿ. ಮೊದಲು ಮೋಟರು ಓಡುವಾಗ ಹಿಂದಿನ ಸಣ್ಣ ತೂತಿನಿಂದ ಎಂಜಿನ್ ತಂಪು ಮಾಡುವ ನೀರು ಚಿಮ್ಮುತ್ತದೆಯೇ ನೋಡಿ. ಇಲ್ಲವೆಂದರೆ ಆಫ್ ಮಾಡಿ ತೂತಿನಲ್ಲಿ ತಂತಿ ಆಡಿಸಿ. ಆಗಲೂ ಬಾರದಿದ್ದರೆ ಕೆಳಗಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಸವೆದಿರಬಹುದು. ಹೂಳುನೀರು ಅದನ್ನು ಬೇಗ ತಿನ್ನುತ್ತದೆ.

ನಾನೊಮ್ಮೆ ಅಂದಾಜಿನಲ್ಲೇ ಹೊಸದು ಕೂರಿಸಿದೆ. ಇಂಪೆಲ್ಲರನ್ನು ಶಾಫ್ಟಿಗೆ (ತಿರುಗುವ ದಂಡಕ್ಕೆ) ಹಿಡಿದಿಡುವ ಚಿಕ್ಕ ಲೋಹದ ತುಂಡು, ಅಂದರೆ ಕೀ, ಉಗುರಿನಷ್ಟೇ ಇರುತ್ತದೆ, ಗ್ರೀಸ್ ಬಟ್ಟೆಯಲ್ಲೇ ಉಳಿದಿತ್ತು. ಪಂಪು ತಿರುಗಲಿಲ್ಲ, ಎಂಜಿನ್ ಕಾದು ಪಿಸ್ಟನ್ ಜಾಮ್ ಆಯಿತು. ಮ್ಯಾನ್ಯುಯಲ್‌ನಲ್ಲಿ ಆ ಕೀ ಚಿತ್ರಸಮೇತ ಇತ್ತು, ಬೋಲ್ಟುಗಳ ಬಿಗಿತದ ಅಂಕಿಯೂ ಇತ್ತು. ನಿಮ್ಮ ಮಾಡೆಲ್ ನಂಬರಿನದನ್ನೇ ಕೊಳ್ಳಿ. 2 ಸ್ಟ್ರೋಕ್ ಎಂಜಿನ್ನಿನ ಮ್ಯಾನ್ಯುಯಲ್ 4 ಸ್ಟ್ರೋಕ್ ಎಂಜಿನ್ನಿಗೆ ಆಗದು.