ತಿದ್ದಿಸಿಕೊಂಡ ಬರಹವನ್ನು ನನ್ನದೆನ್ನಬಹುದೇ?

ಮೆಚ್ಚಿನ ಲೇಖಕರ ಶೈಲಿಯನ್ನು ಅನುಕರಿಸುವುದು ತಪ್ಪೇ, ಬೇರೆಯವರು ತಿದ್ದಿಕೊಟ್ಟ ಪ್ರಬಂಧವನ್ನು ಸ್ವಂತದ್ದೆಂದು ಹೇಳಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನೂ ಇನ್ನೂ ವಿದ್ಯಾರ್ಥಿಯೇ ಆಗಿರುವುದರಿಂದ ಇದನ್ನು ತೀರ್ಪೆಂದು ತಿಳಿಯದೆ, ಇದೇ ಗೊಂದಲದಲ್ಲಿ ಕೆಲವು ವರ್ಷ ಒದ್ದಾಡಿದವನ ಅಭಿಪ್ರಾಯವೆಂದು ಓದಿಕೊಳ್ಳಿ.

ಅನುಕರಣೆಯ ಬಗ್ಗೆ ನನಗೆ ಅಳುಕಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ತಾನು ಬರವಣಿಗೆ ಕಲಿತ ಬಗೆಯನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ‘ಸ್ಪೆಕ್ಟೇಟರ್’ ಪತ್ರಿಕೆಯ ಪ್ರಬಂಧವೊಂದನ್ನು ಓದಿ, ಪ್ರತಿ ವಾಕ್ಯದ ಭಾವವನ್ನು ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು ಮೂಲವನ್ನು ನೋಡದೆಯೇ ಆ ಗುರುತುಗಳಿಂದ ಇಡೀ ಪ್ರಬಂಧವನ್ನು ಮತ್ತೆ ಬರೆದು, ಆಮೇಲೆ ಎರಡನ್ನೂ ಹೋಲಿಸಿ ತನ್ನ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದನಂತೆ. ನಾನೂ ಈ ಕ್ರಮವನ್ನು ಕೆಲವು ತಿಂಗಳು ಅನುಸರಿಸಿ ನೋಡಿದೆ. ಮೂಲ ಲೇಖಕರು ಒಂದೇ ಕ್ರಿಯಾಪದದಿಂದ ಸಾಧಿಸಿದ್ದನ್ನು ನಾನು ಮೂರು ವಿಶೇಷಣಗಳನ್ನು ಪೇರಿಸಿಯೂ ಸಾಧಿಸಿರಲಿಲ್ಲ ಎಂಬುದು ಹೋಲಿಸಿದಾಗಲೇ ಕಣ್ಣಿಗೆ ಬಿತ್ತು. ಇಂಥ ಅಭ್ಯಾಸದ ಹಾಳೆಗಳು ನನ್ನ ಮೇಜಿನ ಡ್ರಾಯರಿನಲ್ಲೇ ಉಳಿದಿವೆ. ಅವು ಅಲ್ಲಿಯೇ ಇರಬೇಕಾದವು.

ಕಥೆಯನ್ನೇ ಎರವಲು ಪಡೆಯುವುದು ಬೇರೆ ಮಾತು. ಕ್ರಿ.ಶ. 941ರಲ್ಲಿ ಮಹಾಭಾರತದ ಕಥೆಯನ್ನು ಕನ್ನಡದಲ್ಲಿ ಹೇಳಿದ ಪಂಪ, ವ್ಯಾಸರ ವಚನಾಮೃತದ ಕಡಲನ್ನು ಈಜಲು ಹೊರಟಿದ್ದರೂ ತಾನು ಕವಿವ್ಯಾಸನೆಂಬ ಗರ್ವ ತನಗಿಲ್ಲವೆಂದು ಆರಂಭದಲ್ಲಿಯೇ ಒಪ್ಪಿಕೊಂಡ. ಕಥೆ ವ್ಯಾಸರದಾದರೂ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಅದನ್ನು ನಡೆಸಿದ ರೀತಿ ಪಂಪನದು. ಸಾಲವನ್ನು ಹೇಳಿಕೊಂಡಿದ್ದರಿಂದ ಅವನ ಸ್ವಂತಿಕೆಗೆ ಕುಂದೇನೂ ಬರಲಿಲ್ಲ.

ಅರಿವಿಲ್ಲದೆ ಆಗುವ ನಕಲು ಇದಕ್ಕಿಂತ ತೊಡಕಿನದು. ಹೆಲೆನ್ ಕೆಲರ್ ಹನ್ನೊಂದರ ವಯಸ್ಸಿನಲ್ಲಿ ಬರೆದ ಹಿಮರಾಜನ ಕಥೆ ಅಚ್ಚಾದ ಮೇಲೆ, ಅದು ಮಾರ್ಗರೆಟ್ ಕ್ಯಾನ್ಬಿ ಎಂಬ ಲೇಖಕಿಯ ಕಥೆಯೊಂದನ್ನು ಬಹಳವಾಗಿ ಹೋಲುತ್ತದೆ ಎಂಬುದು ಬೆಳಕಿಗೆ ಬಂದು, 1892ರಲ್ಲಿ ಆ ಹುಡುಗಿ ವಿಚಾರಣೆಯನ್ನೇ ಎದುರಿಸಬೇಕಾಯಿತು. ಆ ಕಥೆಯನ್ನು ಹಿಂದೆ ಯಾರೋ ಅವಳಿಗೆ ಓದಿ ಹೇಳಿದ್ದರು. ಅವಳಿಗೆ ಅದು ನೆನಪಿರಲಿಲ್ಲ. ಮುಂದೆ ತಾಯಿಗೆ ಪತ್ರ ಬರೆಯುವಾಗಲೂ ಈ ವಾಕ್ಯವನ್ನು ಎಲ್ಲಾದರೂ ಓದಿದ್ದೆನೇ ಎಂಬ ಭಯ ಹುಟ್ಟಿ, ಅದನ್ನು ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುತ್ತಿದ್ದೆನೆಂದು ಆಕೆ ಬರೆದಿದ್ದಾರೆ. ಇದನ್ನು ಓದಿದ ಮೇಲೆ ನಾನು ಟಿಪ್ಪಣಿ ಪುಸ್ತಕದ ಎಡಪುಟದಲ್ಲಿ ಪರರ ಮಾತುಗಳನ್ನು ಪುಟಸಂಖ್ಯೆ ಸಹಿತ ಬರೆದು, ಬಲಪುಟವನ್ನು ನನ್ನ ಮಾತುಗಳಿಗಷ್ಟೇ ಮೀಸಲಿಟ್ಟಿದ್ದೇನೆ.

ಇನ್ನು ತಿದ್ದಿಸಿಕೊಳ್ಳುವ ವಿಚಾರ. ಬಾಲ್ಯದ ನೆನಪೊಂದನ್ನು ಕುರಿತು ನಾನು ಬರೆದಿದ್ದ ಪ್ರಬಂಧದಲ್ಲಿ ‘ಎಲ್ಲರೂ ಸುಮ್ಮನಾದರು’ ಎಂಬ ವಾಕ್ಯವನ್ನು ಅಕ್ಕ ಹೊಡೆದುಹಾಕಿ ‘ಮೌನ ದಟ್ಟೈಸಿತು’ ಎಂದು ಬರೆದುಕೊಟ್ಟಿದ್ದಳು. ತರಗತಿಯಲ್ಲಿ ಅಧ್ಯಾಪಕರು ಅದೊಂದೇ ವಾಕ್ಯವನ್ನು ಎತ್ತಿ ಓದಿ ಮೆಚ್ಚಿ, ‘ಕವಿಯಿತು ಎನ್ನದೆ ದಟ್ಟೈಸಿತು ಎಂದು ಏಕೆ ಬರೆದೆ?’ ಎಂದು ಕೇಳಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ‘ಈ ಪದವೇ ಏಕೆ’ ಎಂಬ ಪ್ರಶ್ನೆಗೆ ಸಮಜಾಯಿಷಿ ಕೊಡಲಾಗದ ಸಾಲು ನನ್ನದಲ್ಲ ಎಂಬ ಅಳತೆಗೋಲು ನನಗೆ ಸಿಕ್ಕಿದ್ದು ಅಂದು.

ಆಮೇಲೆ ಅಕ್ಕನಿಗೆ ಪೆನ್ಸಿಲು ಮಾತ್ರ ಕೊಡುತ್ತೇನೆ. ಅಂಚಿನಲ್ಲಿ ‘ಇಲ್ಲಿ ಎಡವುತ್ತದೆ’, ‘ಇದು ಅರ್ಥವಾಗಲಿಲ್ಲ’ ಎಂದು ಆಕೆ ಗುರುತು ಹಾಕಬಹುದು, ಬದಲಿ ವಾಕ್ಯ ಬರೆಯುವಂತಿಲ್ಲ. ಚಾಟ್‌ಜಿಪಿಟಿಯಂತಹ ಸಾಧನಗಳಿಗೂ ಇದೇ ಕಟ್ಟುಪಾಡು. ಒಬ್ಬರೇ ಬರೆಯಬೇಕೆಂಬ ನಿಯಮವಿರುವಲ್ಲಿ ಅಷ್ಟು ನೆರವನ್ನೂ ಮೊದಲೇ ತಿಳಿಸಿಬಿಡುತ್ತೇನೆ. ಆ ಪ್ರಬಂಧದಲ್ಲಿ ಈಗ ‘ಎಲ್ಲರೂ ಸುಮ್ಮನಾದರು’ ಎಂದೇ ಇದೆ. ಅಕ್ಕನ ವಾಕ್ಯ ಅದಕ್ಕಿಂತ ಚೆನ್ನಾಗಿತ್ತು ಎಂಬುದನ್ನು ಮಾತ್ರ ಒಪ್ಪಿಕೊಳ್ಳಲೇಬೇಕು.